ಎಲ್, ಐ ಅಂತ ನಿಂತುಹೋದ ಲ್ಯಾಪ್‌ಟಾಪ್

೧೯೯೯ರಲ್ಲಿ ಮಾರಂಡಹಳ್ಳಿಯ ಮೇನಕಾ ಎಂಸಿಎ ಕೊನೆಯ ವರ್ಷದಲ್ಲಿದ್ದಳು. ಮದುವೆಯಾಯಿತೆಂದು ಸೊಸೆಯ ಓದು ನಿಲ್ಲಬಾರದು ಎಂದು ಹಟ ಹಿಡಿದವಳು ಅತ್ತೆ ಮುನಿರತ್ನಮ್ಮ. ಗಂಡ ಪಳನಿ ಶಂಕಗಿರಿಯ ಲಾರಿ ಆಫೀಸಿನಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದ. ವಾರಕ್ಕೊಮ್ಮೆ ಊರಿಗೆ ಬರುವನು. ಅವನ ಓನರ್ ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದನ್ನು ಅವನಿಗೇ ಕೊಟ್ಟಿದ್ದರು. ಗಂಡ ಹೆಂಡತಿ ಅದನ್ನು ಪಾಲು ಮಾಡಿಕೊಂಡಿದ್ದರು. ಒಂದು ಭಾಗದಲ್ಲಿ ಪಳನಿಯ ವಿಂಡೋಸ್. ಇನ್ನೊಂದರಲ್ಲಿ ಲಿನಕ್ಸ್, ಅದರೊಳಗೆ ಮೇನಕಾಳ ಪ್ರಾಜೆಕ್ಟ್. ಆನ್ ಮಾಡಿದ ಕೂಡಲೇ ಲಿಲೋ ಎಂಬ ಪುಟ್ಟ ಪ್ರೋಗ್ರಾಂ ಎದ್ದು, ಎರಡರಲ್ಲಿ ಯಾವುದು ಬೇಕೆಂದು ಕೇಳುತ್ತಿತ್ತು.

ಆ ಶನಿವಾರ ಬೆಳಗ್ಗೆ ಅದು ಏನೂ ಕೇಳಲಿಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ಅದರ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರ ಎಲ್, ಐ ಮೂಡಿ ಅಲ್ಲೇ ನಿಂತವು. ಎಷ್ಟು ಸಲ ಆರಿಸಿ ಹಾಕಿದರೂ ಅಷ್ಟೇ. ಸೋಮವಾರ ಧರ್ಮಪುರಿಯ ಕಾಲೇಜಿನಲ್ಲಿ ಪ್ರಾಜೆಕ್ಟ್ ತೋರಿಸಬೇಕಿತ್ತು. ಹಿಂದಿನ ಸಂಜೆ ಪಳನಿ ಕಾರು ಓಡಿಸುವ ಆಟವೊಂದನ್ನು ತಂದು ಹಾಕಿದ್ದ. ಮೇನಕಾಳ ಸಿಟ್ಟೆಲ್ಲ ಆ ಆಟದ ಮೇಲೆ ತಿರುಗಿತು.

"ಇರಬೌದು," ಎಂದ ಪಳನಿ. "ತಪ್ಪು ನಂದೇ."

ಮುನಿರತ್ನಮ್ಮನೂ ಮಗನನ್ನು ಬೈದಳು. ಆಮೇಲೆ ಲ್ಯಾಪ್‌ಟಾಪನ್ನು ತನ್ನ ಹಳೆಯ ಸೀರೆಯಲ್ಲಿ ಹಸುಗೂಸಿನಂತೆ ಸುತ್ತಿ ಸೊಸೆಯ ಮಡಿಲಲ್ಲಿಟ್ಟು, ಗಾಡಿ ಮೆಲ್ಲಗೆ ಓಡಿಸೆಂದು ಮಗನಿಗೆ ಹೇಳಿ ಕಳಿಸಿದಳು.

ಪಾಲಕೋಡಿನಲ್ಲಿ ಮೇನಕಾಳ ಜೊತೆ ಓದಿದ್ದ ಬಾಲಾಜಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಮಾರ್ಕೆಟ್ ರಸ್ತೆಯ ತುಂಬ ಟೊಮೇಟೊ ಗಾಡಿಗಳು. ಪಳನಿ ಇಳಿದು ಮೊಪೆಡ್ ತಳ್ಳಿಕೊಂಡು ನಡೆದ. ಹಿಂದೆ ಗಂಟು ಅವುಚಿಕೊಂಡು ಬರುತ್ತಿದ್ದ ಮೇನಕಾ ಅವನಿಗೆ ಕಾಣದಂತೆ ಕಣ್ಣೊರೆಸಿಕೊಂಡಳು.

ಬಾಲಾಜಿ ನೋಡಿ ಇದ್ದದ್ದನ್ನು ಹೇಳಿದ. ಅವನಿಗೆ ಗೊತ್ತಿದ್ದದ್ದು ವಿಂಡೋಸ್ ಮಾತ್ರ. ಅದನ್ನು ಮತ್ತೆ ಹಾಕಿಕೊಡಬಲ್ಲ. ಲಿನಕ್ಸ್ ಉಳಿಯುತ್ತದೆಂದು ಮಾತು ಕೊಡಲಾರ.

"ನನ್ನ ಭಾಗ ಓದ್ರೆ ಓಗ್ಲಿ," ಎಂದ ಪಳನಿ. "ಅವಳ್ದು ಉಳಿಸೋಕೆ ದಾರಿ ಐತಾ, ಅದು ನೋಡ್ರಿ."

ಆ ಮಾತು ಕೇಳಿದ ಮೇಲೆ ಮೇನಕಾ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು. ಲಿನಕ್ಸ್ ಸಿಡಿ ಏನಾದರೂ ಇದೆಯೇ ಎಂದು ಕೇಳಿದಳು. ಯಾವುದೋ ಪತ್ರಿಕೆಯ ಜೊತೆ ಬಂದಿದ್ದೊಂದನ್ನು ಬಾಲಾಜಿ ಕಪಾಟಿನಿಂದ ಹುಡುಕಿ ತೆಗೆದ. ಅವಳು ಸಿಡಿಯಿಂದಲೇ ಯಂತ್ರವನ್ನು ಎಬ್ಬಿಸಿ, ಡಿಸ್ಕಿನಲ್ಲಿ ತನ್ನ ಲಿನಕ್ಸ್ ಎಲ್ಲಿದೆಯೆಂದು ಟೈಪ್ ಮಾಡಿ ಅದಕ್ಕೆ ತಿಳಿಸಿದಳು. ಪರದೆಯ ಮೇಲೆ ಸಾಲು ಸಾಲಾಗಿ ಅಕ್ಷರ ಹರಿದವು. ಪ್ರಾಜೆಕ್ಟ್ ಇದ್ದಲ್ಲೇ ಇತ್ತು.

ಲಿಲೋ ಯಾಕೆ ನಿಂತಿತೆಂದು ಹುಡುಕಿದಾಗ ಅದಕ್ಕೆ ಬೇಕಾದ ಒಂದು ಫೈಲ್ ಜಾಗದಲ್ಲಿರಲಿಲ್ಲ. ಮೇನಕಾಳಿಗೆ ಆಗ ನೆನಪಾಯಿತು. ಹಿಂದಿನ ದಿನ ಪಳನಿಯ ಆಟ ಮುಗಿದ ಮೇಲೆ, ಜಾಗ ಸಾಲದೆಂದು, ಹಳೆಯವೆಂದುಕೊಂಡ ಫೈಲುಗಳನ್ನು ಅವಳೇ ವಿಂಡೋಸ್ ಭಾಗಕ್ಕೆ ಸಾಗಿಸಿದ್ದಳು. ಅವುಗಳೊಳಗೆ ಸೇರಿಹೋಗಿದ್ದ ಆ ಫೈಲನ್ನು ಮತ್ತೆ ತಂದಿಟ್ಟು, ಲಿಲೋ ಎಂದು ಟೈಪ್ ಮಾಡಿ ಸಿಡಿ ತೆಗೆದಳು. ಮತ್ತೆ ಆನ್ ಮಾಡಿದಾಗ ಅದು ಎಂದಿನಂತೆ ಯಾವುದು ಬೇಕೆಂದು ಕೇಳಿತು.

ಹೊರಗೆ ಬಂದು ಮೇನಕಾ ಗಂಡನಿಗೆ ಎಲ್ಲ ಹೇಳಿದಳು. "ನಿಮ್ ಆಟದಿಂದ ಏನೂ ಆಗಿಲ್ಲ. ಮತ್ಯಾಕೆ ಒಪ್ಕೊಂಡ್ರಿ?"

"ನಿಂಗೆ ಬೈಯೋಕೆ ಒಬ್ರು ಬೇಕಾಗಿತ್ತು," ಎಂದ ಪಳನಿ. "ನಾನು ಕೆಲ್ಸ ಇಲ್ದೆ ಸುಮ್ನೆ ತಾನೆ ಇದ್ದೆ."

ಮನೆಗೆ ಬಂದವಳೇ ಅತ್ತೆಗೂ ಹೇಳಿಬಿಟ್ಟಳು. ಮುನಿರತ್ನಮ್ಮ ಮಗನಿಗೆ ಇನ್ನೊಂದು ಮುದ್ದೆ ಬಡಿಸಿದಳು.

ಸೋಮವಾರ ಪಳನಿ ಶಂಕಗಿರಿಯ ಬಸ್ಸು ಹತ್ತಲಿಲ್ಲ. ಹೆಂಡತಿಯ ಜೊತೆ ಕಾಲೇಜಿಗೆ ಹೋದ. ಪ್ರಾಜೆಕ್ಟ್ ಚೆನ್ನಾಗಿದೆ ಎನಿಸಿಕೊಂಡು ಮೇನಕಾ ಹೊರಗೆ ಓಡಿ ಬಂದಾಗ ಅವನು ಬೇವಿನ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದ. ಅವಳು ಎಬ್ಬಿಸಲಿಲ್ಲ. ಪಕ್ಕದಲ್ಲಿ ಕೂತು, ಅವನ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಸೆರಗು ಹಿಡಿದಳು.