ಎರಡು ಚಮಚ ಹೆಚ್ಚು

ವೈಜನಾಥನ ಕೈ ಎಂದರೆ ತಕ್ಕಡಿ ಎಂದು ಲ್ಯಾಬಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಬೀದರಿನಿಂದ ಬಂದು, ನಾಸಿಕದ ಓಝರ್ ಪಕ್ಕದ ಈ ಖಾಸಗಿ ಲ್ಯಾಬಿನಲ್ಲಿ ಹದಿನೇಳು ವರ್ಷ ಪುಡಿ ತೂಗಿದ ಮನುಷ್ಯ. ಅಂಥವನು ಮಾಡಿದ ಕೆಲಸ ನೋಡಿ!

ಮಾಲವಿಕಾ ಮೇಡಮ್ ಧಾರವಾಡದವರು. ಆರು ವರ್ಷದಿಂದ ಅವರದು ಒಂದೇ ಹಟ. ರಾಕೆಟ್ಟಿನ ಅತಿಶೀತ ಇಂಧನ ಟ್ಯಾಂಕಿನಲ್ಲಿ ತುಳುಕಬಾರದು, ಮೊಸರಿನ ಹಾಗೆ ನಿಲ್ಲಬೇಕು. ಒತ್ತಡ ಕೊಟ್ಟಾಗ ಮಾತ್ರ ಹರಿಯಬೇಕು. ಪರೀಕ್ಷೆಗೆ ಇಂಧನದ ಬದಲು ಔರಂಗಾಬಾದಿನಿಂದ ತರಿಸಿದ ದ್ರವ ಸಾರಜನಕ, ಅದನ್ನು ಜೆಲ್ ಮಾಡಲು ಸಿಲಿಕಾದ ನುಣ್ಣನೆ ಪುಡಿ. 2011ರ ಒಂದು ಸೋಮವಾರ ಹಣ ಕೊಡುವ ಸಮಿತಿಯವರು ಬರುವವರಿದ್ದರು. ಅವರು ಒಪ್ಪಿದರೆ ಯೋಜನೆ ಉಳಿಯಿತು, ಇಲ್ಲದಿದ್ದರೆ ಮುಗಿಯಿತು.

ಹಿಂದಿನ ದಿನ ಪಾತ್ರೆ ಬೋರಲು ಹಾಕಿದಾಗ ಜೆಲ್ ಚೂರು ಜಾರಿತು. ಮೇಡಮ್ ಗೋಡೆಗೆ ಮುಖ ಮಾಡಿ ಅತ್ತರು. ವೈಜನಾಥ ಅದನ್ನು ನೋಡಿದ.

ಸೋಮವಾರ ಬೆಳಿಗ್ಗೆ ಅವನು ತೂಗಿದ ಪುಡಿಗೆ ಎರಡು ಚಮಚ ಹೆಚ್ಚು ಸುರಿದ. ಮನೆಯಲ್ಲಿ ಕಡಲೆಹಿಟ್ಟಿನ ಜುಣಕ ತೆಳುವಾದರೆ ಹಿಟ್ಟು ಉದುರಿಸುವುದಿಲ್ಲವೇ, ಹಾಗೆ. ಪುಸ್ತಕದಲ್ಲಿ ಮಾತ್ರ ಹಳೆಯ ಅಳತೆಯನ್ನೇ ಬರೆದ.

ಸಮಿತಿಯ ಮುಂದೆ ಪಾತ್ರೆ ಬೋರಲಾಯಿತು. ಒಂದು ಹನಿ ಬೀಳಲಿಲ್ಲ! ಎಲ್ಲರೂ ಚಪ್ಪಾಳೆ ತಟ್ಟಿದರು, ವೈಜನಾಥ ಎದೆಯುಬ್ಬಿಸಿ ನಿಂತ. ಆಮೇಲೆ ಜೆಲ್ಲನ್ನು ಸಣ್ಣ ರಂಧ್ರದ ನಳಿಕೆಗೆ ಬಿಟ್ಟರು. ಬಿಳಿ ಮುದ್ದೆಯೊಂದು ಇಣುಕಿ ಅಲ್ಲೇ ಕೂತಿತು. ಒತ್ತಡ ಏರಿಸಿದರೂ ಅದು ಜಪ್ಪಯ್ಯ ಅನ್ನಲಿಲ್ಲ.

"ಪುಡಿ ಜಾಸ್ತಿ ಬಿದ್ದಿರಬಹುದೇ?" ಎಂದು ಅಧ್ಯಕ್ಷರು ಕೇಳಿದರು.

ವೈಜನಾಥ ಯೋಚಿಸಿದ: ಹೇಳಿದರೆ ನೌಕರಿ ಹೋದೀತು. ಅಷ್ಟರಲ್ಲಿ ಮೇಡಮ್ಮೇ ಅಂದರು: "ಸಾಧ್ಯವೇ ಇಲ್ಲ ಸರ್. ತೂಗಿದವರು ವೈಜನಾಥ. ನನ್ನ ಸೂತ್ರವೇ ತಪ್ಪಿರಬೇಕು."

ಅವನು ಪಾತ್ರೆ ಎತ್ತಿಕೊಂಡು ತೊಳೆಯಲು ಹೋದ. ಯೋಜನೆ ಮುಚ್ಚಿತು.

ತಿಂಗಳ ಮೇಲೆ ಮೇಡಮ್ ಕೋಣೆ ಖಾಲಿ ಮಾಡುತ್ತಿದ್ದರು. ವೈಜನಾಥ ಬಾಗಿಲಲ್ಲಿ ನಿಂತು ಒದರಿಬಿಟ್ಟ: "ಮೇಡಮ್, ಅವತ್ತ ಎರಡ ಚಮಚಾ ಜಾಸ್ತಿ ಹಾಕಿದಾಂವ ನಾನ ರೀ. ನೀವು ಅತ್ತಿದ್ದು ನೋಡಲಿಕ್ಕಾಗಲಿಲ್ಲ."

ಮೇಡಮ್ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಖಾಲಿ ಕಪಾಟಿನ ಕಡೆ ತಿರುಗಿ ಮೆಲ್ಲಗೆ ಅಂದರು:

"ತಪ್ಪು ಸೂತ್ರ ಇಟ್ಕೊಂಡು ಏನ್ ಮಾಡೋದಂತ, ಆರು ವರ್ಷದ ನೋಟ್‌ಬುಕ್ ಎಲ್ಲಾ ನಿನ್ನೆ ರದ್ದಿಯವನಿಗೆ ಕೊಟ್ಟಬಿಟ್ಟೆನಲ್ರೀ, ವೈಜನಾಥ."