ನಲವತ್ತೆಂಟು ತಿರುವುಗಳು

ಭಾಗ್ಯಶ್ರೀಯ ಮೈ ಉರಿಸಿದ್ದು ಆ ಪೋಸ್ಟರು. ಮೇಲೆ ದಪ್ಪ ಅಕ್ಷರದಲ್ಲಿ ‘ಆಲ್ಪ್ಸ್ ಗೆದ್ದ ಕನ್ನಡಿಗ: ಮಹೇಶಕುಮಾರ ಅವರ ಸೈಕಲ್ ಸಾಹಸ’ ಎಂದಿತ್ತು. ಅಡಿಯಲ್ಲಿ, ಪಾರ್ಕಿಂಗ್ ಸೂಚನೆಗೂ ಕೆಳಗೆ, ‘ಉಪಾಹಾರ: ಶ್ರೀಮತಿ ಭಾಗ್ಯಶ್ರೀ’. ಮ್ಯೂನಿಕ್‌ನಿಂದ ಹೊರಟು ಆಸ್ಟ್ರಿಯಾ ದಾಟಿ ಇಟಲಿಯ ಕೋಮೋ ಸರೋವರದವರೆಗೆ ಹನ್ನೆರಡು ದಿನ ಗಂಡನ ಜೊತೆ ಪೆಡಲು ತುಳಿದವಳು ಅವಳು. ಜೊತೆಗೇನು ಬಂತು, ಗಂಡನಿಗಿಂತ ಮುಂದೆಯೇ ತುಳಿದವಳು. ಪೋಸ್ಟರಿನ ಲೆಕ್ಕದಲ್ಲಿ ಮಾತ್ರ ಅವಳ ಸಾಹಸವೆಲ್ಲ ಮೂರು ಕಿಲೋ ರವೆ ಹುರಿದದ್ದು.

ಸಿಂಗಾಪುರದಲ್ಲಿ ಗುಡ್ಡವೆಲ್ಲಿಂದ ತರುವುದು? ಆರು ತಿಂಗಳು ಅವಳು ಪುಂಗೋಲಿನ ತಮ್ಮ ಬ್ಲಾಕಿನ ಪಕ್ಕದ ಕಾರ್ ಪಾರ್ಕಿನಲ್ಲಿ ಅಭ್ಯಾಸ ಮಾಡಿದ್ದಳು. ಸೈಕಲ್ ಮೇಲೆ ಏಳು ಮಹಡಿ ಹತ್ತುವುದು, ಇಳಿಯುವುದು, ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಇಪ್ಪತ್ತು ಸಲ. ಕಾರು ತೆಗೆಯಲು ಬಂದವರು ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಮಹೇಶಕುಮಾರನೂ ಹಾಗೇ ಅಂದುಕೊಂಡ. ಅವನ ಅಭ್ಯಾಸ ನಡೆದದ್ದು ಚಾಂಗಿ ಬಿಸಿನೆಸ್ ಪಾರ್ಕಿನ ಬ್ಯಾಂಕ್ ಆಫೀಸಿನಲ್ಲಿ, ಊಟದ ಬಿಡುವಿನಲ್ಲಿ, ಯಾವ ಸೀಟು ಮೆತ್ತಗಿದೆ ಎಂದು ಕಂಪ್ಯೂಟರಿನಲ್ಲಿ ಓದುವುದರಲ್ಲಿ.

ಈಗ ಚೋವಾ ಚು ಕಾಂಗ್‌ನ ಒಂದು ಕಾಂಡೋ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ, ಕನ್ನಡಿಗರ ಸೈಕಲ್ ಕೂಟದ ಐವತ್ತು ಜನ ಉಪ್ಪಿಟ್ಟು ತಿಂದು ಕೈ ತೊಳೆದು ಕೂತಿದ್ದರು. ಕೂಟದ ಕಾರ್ಯದರ್ಶಿ ಮುಕುಂದ ಮಹೇಶಕುಮಾರನಿಗೆ ಶಾಲು ಹೊದಿಸಿ, ಪೇಟ ತೊಡಿಸಿದ. ವೇದಿಕೆಯ ಮೇಲೆ ಸೈಕಲ್ಲಿಗೂ ಒಂದು ಚೆಂಡುಹೂವಿನ ಹಾರ. ಆ ಸೈಕಲ್ಲು ಭಾಗ್ಯಶ್ರೀಯದು. ಮಹೇಶಕುಮಾರನದು ಆಲ್ಪ್ಸ್‌ನಿಂದ ಬಂದಾಗಿನಿಂದ ಪೆಟ್ಟಿಗೆಯಲ್ಲೇ ಉಳಿದು, ಚೈನು ತುಕ್ಕು ಹಿಡಿದಿತ್ತು. ಅವನ ಸೊಂಟಮಟ್ಟಕ್ಕೂ ಬಾರದ ಆ ಪುಟ್ಟ ಸೈಕಲ್ಲನ್ನು ಕಂಡು ಒಬ್ಬರಿಗಾದರೂ ಅನುಮಾನ ಬರಲಿಲ್ಲ.

“ಆಂಟಿ ಏನು ಲಕ್ಕಿ ಅಲ್ವಾ, ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯ್ತು!” ಎಂದು ಮುಕುಂದ ಮೈಕಿನಲ್ಲಿ ನಗಾಡಿದ. ಭಾಗ್ಯಶ್ರೀ ಹಿಂದಿನ ಸಾಲಿನಲ್ಲಿ, ಉಪ್ಪಿಟ್ಟಿನ ಖಾಲಿ ಪಾತ್ರೆಯ ಪಕ್ಕ ಕೂತು ಹಲ್ಲು ಕಚ್ಚಿದಳು.

ಗೋಡೆಯ ಮೇಲೆ ಫೋಟೋಗಳು ಮೂಡಿದವು. ಸುತ್ತ ಕೋಟೆಗೋಡೆಯಿದ್ದ ಗ್ಲೊರೆಂಜಾ ಎಂಬ ಅಂಗೈಯಗಲದ ಊರು, ಅದರ ಕಮಾನುಗಳ ಕೆಳಗೆ ಕಾಫಿ ಕುಡಿಯುತ್ತಿರುವ ಮಹೇಶಕುಮಾರ. ಆಮೇಲೆ ಸ್ಟೆಲ್ವಿಯೊ ಘಾಟಿ. ಅಲ್ಲಿ ನಲವತ್ತೆಂಟು ತಿರುವು. ಬುಡದಲ್ಲಿ ನಲವತ್ತೆಂಟರಿಂದ ಶುರುವಾಗಿ, ಒಂದೊಂದು ತಿರುವಿಗೂ ಒಂದು ನಂಬರು ಇಳಿಯುತ್ತ, ತುದಿಯಲ್ಲಿ ಒಂದು. ಹದಿನೇಳನೆಯ ತಿರುವಿನಲ್ಲಿ ಮಹೇಶಕುಮಾರ ಮುಖ ಕೆಂಪಗೆ ಮಾಡಿಕೊಂಡು ಹತ್ತಿ ಬರುತ್ತಿದ್ದ. ಅವನ ಹಿಂದೆ ಹತ್ತಿ ಬಂದ ರಸ್ತೆಯೆಲ್ಲ ಸುರುಳಿ ಸುರುಳಿಯಾಗಿ ಕೆಳಗೆ ಬಿದ್ದಿತ್ತು. ಜನ ಚಪ್ಪಾಳೆ ತಟ್ಟಿದರು.

“ಇಲ್ಲಿ ಕಷ್ಟ ಆಗಿದ್ದು ಕ್ಲೈಂಬ್ ಅಲ್ಲ, ವೇಟಿಂಗು,” ಎಂದ ಮಹೇಶಕುಮಾರ, ಪೇಟ ಸರಿಮಾಡಿಕೊಳ್ಳುತ್ತ. “ವೈಫ್ ಸ್ವಲ್ಪ ಹಿಂದೆ ಬರ್ತಿದ್ರು. ಒಂದೊಂದು ಬೆಂಡ್‌ನಲ್ಲೂ ನಿಂತು ವೇಟ್ ಮಾಡಿ ಕರ್ಕೊಂಡು ಬರ್ಬೇಕಾಯ್ತು. ಫ್ಯಾಮಿಲಿ ಅಂದ್ಮೇಲೆ ಮಾಡ್ಬೇಕಲ್ಲ.”

ಎಲ್ಲರೂ ತಿರುಗಿ ಭಾಗ್ಯಶ್ರೀಯನ್ನು ನೋಡಿ ಮುಗುಳ್ನಕ್ಕರು. ಎಂಥ ಗಂಡ!

ಹೊಗಳಿಕೆ ಅವನಿಗೇ ಹೋಗಲಿ, ಶಾಲು ಹೋಗಲಿ, ಪೇಟ ಅವಳ ತಲೆಗೆ ಹೇಗೂ ದೊಡ್ಡದು. ಆದರೆ ಕಾದದ್ದು? ಚಳಿಗಾಳಿಯಲ್ಲಿ ಕೈ ಮರಗಟ್ಟಿಸಿಕೊಂಡು, ಅವನ ಜಾಕೆಟ್ಟನ್ನು ತನ್ನ ಚೀಲದಲ್ಲಿ ಹೊತ್ತು, ಒಡೆದ ಕಟಕ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಸವರಿ ಹಿಡಿದು, ತಿರುವು ತಿರುವಿಗೂ ನಿಂತು ಕಾದವಳು ಅವಳು. ಪ್ರೀತಿಯಿಂದಲೇ ಕಾದಿದ್ದಳು. ಆ ಕಾಯುವಿಕೆಯನ್ನೂ ಈ ಮನುಷ್ಯ ತನ್ನದೆಂದು ಹಾಡಹಗಲೇ ಎತ್ತಿಕೊಂಡನಲ್ಲ! ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಅನ್ನುತ್ತಾರಲ್ಲ, ಅದೇ ಕಥೆ.

ಅಷ್ಟಕ್ಕೇ ಮುಗಿಯಲಿಲ್ಲ. ಮುಕುಂದ ಒಂದು ಹಾಳೆ ಹಂಚುತ್ತ ಬಂದ. ಮುಂದಿನ ಜೂನ್‌ನಲ್ಲಿ ಕೂಟದವರೆಲ್ಲ ಪಿರೆನೀಸ್ ಪರ್ವತಕ್ಕೆ ಹೋಗುವುದಂತೆ, ಮಹೇಶಕುಮಾರನೇ ಮುಂದಾಳು. “ಜೆಂಟ್ಸ್ ರೈಡ್ ಮಾಡ್ತಾರೆ, ಲೇಡೀಸ್ ಹಿಂದೆ ವ್ಯಾನ್‌ನಲ್ಲಿ. ರೈಸ್ ಕುಕ್ಕರ್ ತಗೊಂಡ್ ಹೋಗೋಣ. ಕಿಚನ್ ಇನ್‌ಚಾರ್ಜ್ ಭಾಗ್ಯಶ್ರೀ ಆಂಟಿ. ಸರ್ ಆಲ್ರೆಡಿ ಓಕೆ ಮಾಡಿದ್ದಾರೆ.”

ಹಾಳೆಯಲ್ಲಿ ವ್ಯಾನಿನ ಪಟ್ಟಿಯ ಮೊದಲ ಹೆಸರು ಅವಳದೇ. ಅವಳನ್ನು ಒಂದು ಮಾತು ಕೇಳದೆ ಟೈಪಾಗಿ ಬಂದಿತ್ತು. ಹಾಗಾದರೆ ಮುಂದಿನ ವರ್ಷ ಬೆಟ್ಟವನ್ನು ಗಾಜಿನೊಳಗಿಂದ ನೋಡುವುದು. ಕಾರ್ ಪಾರ್ಕಿನ ಏಳು ಮಹಡಿ ಇಪ್ಪತ್ತು ಸಲ ಹತ್ತಿದ ಕಾಲು ಅನ್ನ ಬೇಯುವುದನ್ನು ಕಾಯುತ್ತ ಮಡಚಿ ಕೂರುವುದು.

“ಎನಿ ಕ್ವೆಶ್ಚನ್ಸ್?” ಎಂದ ಮುಕುಂದ.

ಭಾಗ್ಯಶ್ರೀ ಎದ್ದು ನಿಂತಳು. ಹತ್ತು ವರ್ಷ ಸಿಂಗಾಪುರದಲ್ಲಿದ್ದು, ನಾಲ್ಕು ಜನರ ನಡುವೆ ಬೆಂಗಳೂರು ಕನ್ನಡವನ್ನೇ ಆಡಿ ರೂಢಿಯಾಗಿತ್ತು. ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಮಾತ್ರ ಹುಟ್ಟೂರು ಗದಗಿನದು.

“ರೀ, ನಂದೊಂದು ಪ್ರಶ್ನಿ ಐತಿ. ಆ ಹದಿನೇಳನೇ ತಿರುವಿನ ಫೋಟೋ ಹಾಕ್ರಿ.”

ಮಹೇಶಕುಮಾರ ಹಾಕಿದ. ಹಾಕದೆ ವಿಧಿಯಿರಲಿಲ್ಲ.

“ನೀವು ಕೆಳಗಿಂದ ಹತ್ತಿ ಬರಾಕತ್ತೀರಿ. ನಾ ನಿಮ್ಮ ಹಿಂದ ಇದ್ದೆ ಅಂತೀರಿ. ಹಂಗಾರ ಮ್ಯಾಲ ನಿಂತು ಈ ಫೋಟೋ ತಗದಾವ್ರು ಯಾರ್ರಿ?”

ಐವತ್ತು ಜೊತೆ ಕಣ್ಣು ಗೋಡೆಯ ಮೇಲಿನ ರಸ್ತೆಯನ್ನು ಕೆಳಗಿಂದ ಮೇಲಕ್ಕೆ ಹತ್ತಿದವು.

“ಅದು... ಟೈಮರ್ ಇಟ್ಟಿದ್ದೆ,” ಎಂದ ಮಹೇಶಕುಮಾರ.

“ಮೊಬೈಲ್ ಮ್ಯಾಲ ಇಟ್ಟು, ಟೈಮರ್ ಒತ್ತಿ, ಕೆಳಗ ಇಳದು ಹೋಗಿ, ತಿರುಗಿ ಹತ್ತಿ ಬಂದ್ರೇನು? ಹತ್ತು ಸೆಕೆಂಡಿನ್ಯಾಗ?”

ಮೊದಲು ನಕ್ಕವರು ಅವಳ ಮುಂದಿನ ಸಾಲಿನಲ್ಲೇ ಕೂತಿದ್ದ ಕಾಮಾಕ್ಷಿ ಆಂಟಿ, ವ್ಯಾನಿನ ಪಟ್ಟಿಯಲ್ಲಿ ಎರಡನೆಯ ಹೆಸರು. ಆಮೇಲೆ ನಗು ಯಾರ ಹಿಡಿತಕ್ಕೂ ಸಿಗಲಿಲ್ಲ. ಭಾಗ್ಯಶ್ರೀ ಮಾತ್ರ ನಗಲಿಲ್ಲ. ಹಾಳೆ ತೆಗೆದುಕೊಂಡು ವ್ಯಾನಿನ ಪಟ್ಟಿಯಲ್ಲಿ ತನ್ನ ಹೆಸರನ್ನು ಹೊಡೆದುಹಾಕಿ, ಸವಾರರ ಪಟ್ಟಿಯಲ್ಲಿ ಬರೆದಳು. ಕಾಮಾಕ್ಷಿ ಆಂಟಿ ಕೈ ಚಾಚಿದರು. “ಆ ಪೆನ್ನು ಇಲ್ಲಿ ಕೊಡಮ್ಮ. ನಂಗೂ ಸೈಕಲ್ ಬರತ್ತೆ.”

ಹೊರಗೆ, ಚಪ್ಪಲಿ ಗೂಡಿನ ಹತ್ತಿರ, ಮಹೇಶಕುಮಾರ ಶಾಲು ಮಡಚುತ್ತ ಹಲ್ಲುಕಚ್ಚಿ ಅಂದ: “ನಾಕ್ ಮಂದಿ ಮುಂದ ನನ್ನ ಮರ್ಯಾದಿ ತಗದಿ. ಮನ್ಯಾಗ ಹೇಳಿದ್ರ ಆಗ್ತಿದ್ದಿಲ್ಲೇನು?”

“ಸುಳ್ಳು ನಾಕ್ ಮಂದಿ ಮುಂದ ಹೇಳಿದ್ರಿ. ಖರೇ ಮನ್ಯಾಗ ಯಾಕ ಹೇಳ್ಬೇಕ್ರಿ?”

ಅವರನ್ನು ಕರೆತಂದ ಬಾಡಿಗೆ ವ್ಯಾನು ಬಂದು ನಿಂತಿತು. ಭಾಗ್ಯಶ್ರೀ ಉಪ್ಪಿಟ್ಟಿನ ದೊಡ್ಡ ಪಾತ್ರೆಯನ್ನು ಗಂಡನ ಎರಡೂ ಕೈಗೆ ಕೊಟ್ಟಳು, ಮೇಲೆ ಸೌಟು ಇಟ್ಟಳು. ಆಮೇಲೆ ಒಳಗೆ ಹೋಗಿ, ಹಾರ ಬಿಚ್ಚಿಟ್ಟು, ತನ್ನ ಸೈಕಲ್ಲನ್ನು ತಳ್ಳಿಕೊಂಡು ಬಂದು ಹತ್ತಿದಳು. ಪುಂಗೋಲಿಗೆ ಮೂವತ್ತು ಕಿಲೋಮೀಟರು, ನೆತ್ತಿಯ ಮೇಲೆ ಬಿಸಿಲು.

“ಭಾಗ್ಯಾ, ತಡಿ!” ಎಂದು ಮಹೇಶಕುಮಾರ ಹಿಂದಿನಿಂದ ಕೂಗಿದ.

ಕಾಂಡೋದ ಗೇಟು ದಾಟಿದರೆ ರಸ್ತೆ ಎಡಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ಅವಳು ನಿಲ್ಲಲಿಲ್ಲ.