ಕೋಲಿನ ಭಾರ

ಬಣ್ಣದ ಹಂಡೆಯಿಂದ ಎತ್ತಿದ ನೂಲಿನ ಲಡಿಗಳನ್ನು ಉದ್ದನೆಯ ಕೋಲಿಗೆ ತೂಗುಹಾಕಿ, ಸೊಸೆ ಮುಂದಿನ ತುದಿ, ಅತ್ತೆ ಹಿಂದಿನ ತುದಿ ಹೊತ್ತು, ತೊಳೆಯುವ ತೊಟ್ಟಿಗೆ ಒಯ್ಯುವುದು ಆ ಮನೆಯ ಕ್ರಮ. ಒದ್ದೆ ನೂಲು ಹೆಣಭಾರ. ಲಡಿಗಳು ಯಾರ ಕಡೆ ಸರಿದಿರುತ್ತವೋ ಅವರ ಹೆಗಲಿಗೇ ಪೆಟ್ಟು. ಹೊರಡುವ ಮುನ್ನ ಅತ್ತೆ ಅವನ್ನು ಸದ್ದಿಲ್ಲದೆ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು.

ಎಳೆದುಕೊಳ್ಳದೆ ವಿಧಿಯಿರಲಿಲ್ಲ. ಸೊಸೆ ಮುಟ್ಟಾದರೆ ಕಟ್ಟೆಯೊಡೆದ ಹಾಗೆ. ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ಒಂದು ದಿನ ಕುದಿಯುವ ಹಂಡೆಯ ಪಕ್ಕದಲ್ಲೇ ಕಣ್ಣು ಕತ್ತಲಿಟ್ಟು ಕುಸಿದಳು. ಒಂದು ಗೇಣು ಹಂಡೆಯ ಕಡೆಗೆ ಬಿದ್ದಿದ್ದರೆ ಬೆಂದೇ ಹೋಗುತ್ತಿದ್ದಳು.

ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, ಕೆಟ್ಟ ಕಾಯಿಲೆಯಿಲ್ಲವೆಂದು ಖಚಿತಪಡಿಸಿಕೊಂಡು, ಕಬ್ಬಿಣದ ಮಾತ್ರೆ ಕೊಟ್ಟರು. ಗರ್ಭಕೋಶದೊಳಗೆ ಕಾಪರ್-ಟಿಯಂಥ, ಹಾರ್ಮೋನ್ ಒಸರುವ ಪುಟ್ಟ ವಂಕಿ ಇಟ್ಟರು.

"ಗಂಡ ಇಲ್ಲದವಳಿಗೆ ವಂಕಿ ಯಾಕಮ್ಮಾ? ಜನ ಏನಂದಾರು?" ಎಂದು ಅತ್ತೆ ಅಂದೇ ಕೇಳಿದ್ದಳು.

"ಬಸುರು ತಡೆಯೋದು ಅದರ ಒಂದು ಕೆಲಸ ಅಷ್ಟೇ. ಇವರಿಗೆ ಇಟ್ಟಿರೋದು ರಕ್ತ ಉಳಿಸೋಕೆ."

ಮೊದಮೊದಲು ಹೊತ್ತುಗೊತ್ತಿಲ್ಲದೆ ಕಲೆಯಾಗುತ್ತಿತ್ತು, ತಲೆ ಸಿಡಿಯುತ್ತಿತ್ತು. ಅದನ್ನು ಅತ್ತೆ ಸಹಿಸಿಕೊಂಡಳು. ಆದರೆ ಬರಬರುತ್ತಾ ಮುಟ್ಟೇ ನಿಂತುಹೋದಾಗ ಅವಳ ಜೀವ ಬಾಯಿಗೆ ಬಂತು. ಅವಳ ಅಕ್ಕ ಹೀಗೇ ಮುಟ್ಟು ನಿಂತು, ಹೊಟ್ಟೆ ಊದಿ, ಅದರಲ್ಲೇ ತೀರಿಕೊಂಡಿದ್ದಳು. ಮಗನೂ ಹೋದ ಮೇಲೆ ಈ ಮನೆಯಲ್ಲಿ ಉಳಿದದ್ದು ಇವಳೊಬ್ಬಳೇ.

"ತೆಗೆಸಿಬಿಡೇ."

"ಯಾಕತ್ತೆ? ನಾನು ಚೆನ್ನಾಗೇ ಇದ್ದೀನಲ್ಲ."

"ಮೋರಿ ಹರಿಯೋದು ನಿಂತ್ರೆ ಏನರ್ಥ? ತಳದಲ್ಲಿ ಗಸಿ ಕಟ್ಟಿದೆ ಅಂತ. ಕೋಲು ಹಾಕಿ ತಿವೀದೆ ಇದ್ರೆ ಕೊಳೆಯುತ್ತೆ. ಇಷ್ಟು ವರ್ಷ ಹಂಡೆ ತಿಕ್ಕಿ ಅಷ್ಟೂ ಗೊತ್ತಾಗಲ್ವಾ ನಂಗೆ?"

"ನನ್ನ ಹೊಟ್ಟೇನ ಮೋರಿ ಮಾಡಿಬಿಟ್ರಲ್ಲಾ!" ಎಂದು ಸೊಸೆ ನಕ್ಕಳು. ಅತ್ತೆ ನಗಲಿಲ್ಲ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ಕಂಡು ಸೊಸೆಯ ನಗುವೂ ಅಲ್ಲೇ ನಿಂತಿತು. "ನಡೀರಿ, ಕೇಳ್ಕೊಂಡು ಬರೋಣ. ಆದ್ರೆ ತೆಗೆಸೋದು ಬಿಡೋದು ನಾನು ಹೇಳ್ತೀನಿ."

ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ಸೊಸೆ ಮಂಚದ ಮೇಲೆ ಮಲಗಿದಳು. ಡಾಕ್ಟರಮ್ಮ ಸ್ಕ್ಯಾನ್ ಯಂತ್ರದ ಪರದೆಯನ್ನು ಅತ್ತೆಯ ಕಡೆಗೆ ತಿರುಗಿಸಿದರು. ಬೂದು ಬಣ್ಣದ ನಡುವೆ ಕೂದಲೆಳೆಯಂಥ ಗೆರೆ.

"ಇದು ಒಳಪದರ. ಮುಂಚೆ ದಪ್ಪಗೆ ಬೆಳೆದು, ಉದುರಿ ಹರೀತಿತ್ತು. ವಂಕಿಯ ಹಾರ್ಮೋನು ಅದನ್ನ ಬೆಳೆಯೋಕೆ ಬಿಡ್ತಿಲ್ಲ."

"ಹಾಗಾದ್ರೆ ರಕ್ತ ಒಳಗೆ ನಿಂತಿಲ್ವಾ?"

"ನಿಲ್ಲೋಕೆ ಏನೂ ಇಲ್ಲಮ್ಮಾ."

"ನಮ್ಮಕ್ಕಂಗೆ ನಿಂತು ಊದಿತ್ತಲ್ಲ?"

"ಅದು ಬೇರೆ ಕಾಯಿಲೆ ಇರಬೇಕು. ನೋಡದೆ ನಾನು ಹೇಳಲಾರೆ."

ಅತ್ತೆ ಪರದೆಯನ್ನು ಎವೆಯಿಕ್ಕದೆ ನೋಡಿದಳು. ಬಣ್ಣ ಹಾಕದ ಹಂಡೆ ಕಣ್ಣ ಮುಂದೆ ಬಂತು. ಅದರ ಮೋರಿ ಒಣಗಿರುತ್ತದೆ, ತಳ ತಿಕ್ಕಿಟ್ಟಂತೆ ಇರುತ್ತದೆ. ತಿವಿಯುವುದಕ್ಕೆ ಏನಿದೆ?

"ರಕ್ತ ಪರೀಕ್ಷೆ ಚೆನ್ನಾಗಿ ಬಂದಿದೆ, ಮೈಯಲ್ಲಿ ರಕ್ತ ತುಂಬಿಕೊಂಡಿದೆ," ಎಂದ ಡಾಕ್ಟರಮ್ಮ ಸೊಸೆಯ ಮುಖ ನೋಡಿದರು. "ಬೇಡ ಅಂದ್ರೆ ಈಗಲೇ ತೆಗೀತೀನಿ. ಏನು ಹೇಳ್ತೀರಾ?"

"ಇರಲಿ," ಎಂದಳು ಸೊಸೆ.

ಅತ್ತೆ ಅವಳಿಗೆ ಎದ್ದೇಳಲು ಕೈ ಕೊಟ್ಟಳು.

ಮನೆಯಲ್ಲಿ ನೂಲು ಹಂಡೆಯಲ್ಲೇ ಕಾದಿತ್ತು. ಲಡಿಗಳನ್ನೆತ್ತಿ ಕೋಲಿಗೆ ಹಾಕಿದರು. ಅತ್ತೆಯ ಕೈ ಅಭ್ಯಾಸಬಲದಿಂದ ಅವನ್ನು ತನ್ನತ್ತ ಎಳೆಯಿತು. ಸೊಸೆ ತಿರುಗಿ ನೋಡಿದಳು. ಕೈಚಾಚಿ ಲಡಿಗಳನ್ನು ತನ್ನ ಕಡೆಗೆ ಸರಿಸಿಕೊಳ್ಳುತ್ತಲೇ ಹೋದಳು.

"ಸಾಕು ಕಣೇ, ನಡುವೆ ಇರಲಿ," ಎಂದಳು ಅತ್ತೆ.

"ಇಷ್ಟು ವರ್ಷ ನಡುವೆ ಇತ್ತಾ?"

ಕೋಲು ಎತ್ತಿದರು. ತೊಟ್ಟಿಯವರೆಗೂ ಅತ್ತೆ ಮುಂದಿದ್ದ ಸೊಸೆಯ ಹೆಗಲನ್ನೇ ನೋಡುತ್ತಾ ನಡೆದಳು. ಅದು ಬಾಗಲಿಲ್ಲ.